ಎಕ್ಸೆಲ್‌ನಲ್ಲಿ ಎಫ್2, ಎಫ್4, ಎಫ್9 ಕೆಲಸ ಮಾಡುತ್ತಿಲ್ಲವೇ? ಕೀ ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ

ಎಕ್ಸೆಲ್‌ನಲ್ಲಿ ಎಫ್2 ಒತ್ತುತ್ತೀರಿ. ಸೆಲ್ ಒಳಗೆ ಕರ್ಸರ್ ಬರಬೇಕು. ಅದರ ಬದಲು ಲ್ಯಾಪ್‌ಟಾಪಿನ ದನಿ ಇಳಿಯುತ್ತದೆ. ಎಫ್4 ಒತ್ತಿದರೆ ಫಾರ್ಮುಲಾದ ಸೆಲ್ ವಿಳಾಸ ಕದಲದಂತೆ ಹಿಡಿದಿಡುವ ಡಾಲರ್ ಚಿಹ್ನೆ ಬರುವುದಿಲ್ಲ, ಮೈಕ್ ಬಂದ್ ಆಗುತ್ತದೆ. ಲೆಕ್ಕ ಹೊಸದಾಗಿಸಲು ಎಫ್9 ಒತ್ತಿದರೆ ಏನೂ ಆಗುವುದಿಲ್ಲ. ಸಂಬಳದ ಪಟ್ಟಿ, ಸ್ಟಾಕು, ಅಂಕಪಟ್ಟಿ, ಜಿಎಸ್‌ಟಿ ಲೆಕ್ಕ ಅಂತ ದಿನವಿಡೀ ಶೀಟ್ ಮುಂದೆ ಕೂರುವವರಿಗೆ ಇದು ಸಣ್ಣ ತೊಂದರೆ ಅಲ್ಲ. ಬೆರಳಿಗೆ ರೂಢಿಯಾದ ಕೀ ಕೈಕೊಟ್ಟರೆ ಒಂದೊಂದು ಸೆಲ್‌ಗೂ ಮೌಸ್ ಹಿಡಿಯಬೇಕಾಗುತ್ತದೆ.

ಇಂಥ ಹೊತ್ತಿನಲ್ಲಿ ಎಷ್ಟೋ ಜನ ಆಫೀಸ್ ಅನ್ನೇ ತೆಗೆದು ಮತ್ತೆ ಹಾಕಲು ಹೊರಡುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ತೊಂದರೆ ಎಕ್ಸೆಲ್‌ನಲ್ಲಿ ಇಲ್ಲದಿದ್ದರೆ ಎಷ್ಟು ಸಲ ಹಾಕಿದರೂ ಅದು ಹಾಗೇ ಇರುತ್ತದೆ. ನೀವು ಒತ್ತಿದ ಕೀ ನಾಲ್ಕು ಕಡೆ ದಾಟಿ ಸೆಲ್‌ಗೆ ಹೋಗುತ್ತದೆ. ಮೊದಲು ಕೀಬೋರ್ಡ್. ಆಮೇಲೆ ವಿಂಡೋಸ್ ಮತ್ತು ಹಿಂದೆ ಓಡುತ್ತಿರುವ ಬೇರೆ ಪ್ರೋಗ್ರಾಮ್‌ಗಳು. ಅಲ್ಲಿಂದ ಎಕ್ಸೆಲ್. ಕೊನೆಗೆ ನೀವು ತೆರೆದಿರುವ ಫೈಲ್. ಇವುಗಳಲ್ಲಿ ಕೀ ಎಲ್ಲಿ ನಿಂತುಹೋಗಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಅದು ತಿಳಿಯುವ ತನಕ ಯಾವ ಸೆಟ್ಟಿಂಗ್‌ಗೂ ಕೈ ಹಾಕಬೇಡಿ.

ಮೊದಲು ಎಕ್ಸೆಲ್ ಹೊರಗೆ ಒತ್ತಿ ನೋಡಿ

ಯಾವುದಾದರೂ ಫೋಲ್ಡರ್ ತೆರೆಯಿರಿ. ಒಂದು ಫೈಲ್ ಮೇಲೆ ಒಂದೇ ಸಲ ಕ್ಲಿಕ್ ಮಾಡಿ ಎಫ್2 ಒತ್ತಿ. ಹೆಸರು ಬದಲಿಸಲು ಕರ್ಸರ್ ಬಂತಾ? ಬಂದರೆ ಎಸ್ಕೇಪ್ ಒತ್ತಿ ಹೊರಗೆ ಬನ್ನಿ. ಈಗ ನೋಟ್‌ಪ್ಯಾಡ್ ತೆರೆದು ಎಫ್5 ಒತ್ತಿ. ಇವತ್ತಿನ ತಾರೀಖು ಮತ್ತು ಸಮಯ ತಾನಾಗಿ ಮೂಡಬೇಕು. ಎರಡೂ ಸರಿಯಿದ್ದರೆ ಕೀಬೋರ್ಡ್ ಚೆನ್ನಾಗಿದೆ ಅಂತ ಅರ್ಥ. ಕೀಬೋರ್ಡಿನ ಎಫ್‌ಎನ್ (Fn) ಕೀ ಬಗ್ಗೆ ಕೆಳಗಿರುವ ಎಫ್‌ಎನ್ ಲಾಕ್ ಭಾಗವನ್ನು ಬಿಟ್ಟು ಮುಂದೆ ಹೋಗಿ.

ಟ್ಯಾಲಿ ಬಳಸುವವರಿಗೆ ಇನ್ನೂ ಸುಲಭ. ಟ್ಯಾಲಿಯ ಕೆಲಸವೆಲ್ಲ ಎಫ್ ಕೀಗಳ ಮೇಲೇ ನಡೆಯುತ್ತದೆ. ಅಲ್ಲಿ ಎಫ್2 ಒತ್ತಿದಾಗ ತಾರೀಖು ಬದಲಿಸುವ ಜಾಗ ತೆರೆಯುತ್ತಾ ನೋಡಿ. ವೋಚರ್ ಹಾಕುವಾಗ ಎಫ್5 ಒತ್ತಿದರೆ ಪೇಮೆಂಟ್, ಎಫ್8 ಒತ್ತಿದರೆ ಸೇಲ್ಸ್ ಬರುತ್ತಾ ನೋಡಿ. ಟ್ಯಾಲಿಯಲ್ಲಿ ಸರಿಯಿದ್ದು ಎಕ್ಸೆಲ್‌ನಲ್ಲಿ ಮಾತ್ರ ಆಗದಿದ್ದರೆ ಕೀಬೋರ್ಡಿನ ತಪ್ಪಲ್ಲ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದರ ಮೇಲೇ ಜಾಸ್ತಿ ನಂಬಿಕೆ. ವಿಂಡೋಸ್ ಕೀ, ಕಂಟ್ರೋಲ್ ಮತ್ತು ಓ ಅಕ್ಷರ, ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಒಂದು ಕೀಬೋರ್ಡ್ ಬರುತ್ತದೆ. ಅದರಲ್ಲಿ ಎಫ್‌ಎನ್ ಎಂಬ ಗುಂಡಿಯನ್ನು ಕ್ಲಿಕ್ ಮಾಡಿದರೆ ಅಂಕಿಗಳ ಸಾಲು ಎಫ್1ರಿಂದ ಎಫ್12ರವರೆಗಿನ ಸಾಲಾಗಿ ಬದಲಾಗುತ್ತದೆ. ಎಕ್ಸೆಲ್‌ನಲ್ಲಿ ಒಂದು ಸೆಲ್ ಆರಿಸಿಕೊಂಡು ಪರದೆಯ ಮೇಲಿನ ಎಫ್2 ಒತ್ತಿ. ಸೆಲ್ ತೆರೆದುಕೊಂಡರೆ ಎಕ್ಸೆಲ್ ಸರಿಯಾಗಿದೆ, ತೊಂದರೆ ಕೈಕೆಳಗಿನ ಕೀಬೋರ್ಡಿನದು. ಪರದೆಯ ಎಫ್2 ಕೂಡ ಸುಮ್ಮನಿದ್ದರೆ ಕೀಬೋರ್ಡನ್ನು ದೂರಬೇಡಿ. ವಿಂಡೋಸ್‌ನಲ್ಲೋ ಎಕ್ಸೆಲ್‌ನಲ್ಲೋ ಯಾರೋ ಆ ಕೀಯನ್ನು ನುಂಗುತ್ತಿದ್ದಾರೆ.

ಎಫ್‌ಎನ್ ಲಾಕ್

ಹೊಸ ಲ್ಯಾಪ್‌ಟಾಪ್ ತಂದ ಮೇಲೆ ಈ ತೊಂದರೆ ಶುರುವಾಗಿದ್ದರೆ ಕಾರಣ ಇದೇ ಇರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮೇಲಿನ ಸಾಲಿನ ಪ್ರತಿ ಕೀಗೂ ಎರಡು ಕೆಲಸ. ಒಂದು, ದನಿ, ಬೆಳಕು, ಮೈಕ್, ವೈಫೈ. ಇನ್ನೊಂದು, ಹಳೆಯ ಎಫ್ ಕೀ. ಎಷ್ಟೋ ಲ್ಯಾಪ್‌ಟಾಪ್‌ಗಳು ಅಂಗಡಿಯಿಂದ ಬರುವಾಗಲೇ ಮೊದಲನೆಯದನ್ನು ಮುಂದಿಟ್ಟುಕೊಂಡು ಬರುತ್ತವೆ. ಸಿನಿಮಾ ನೋಡುವವರಿಗೆ ಅದೇ ಅನುಕೂಲ. ಎಕ್ಸೆಲ್‌ನಲ್ಲಿ ಕೆಲಸ ಮಾಡುವವರಿಗೆ ಅಲ್ಲ.

ಮೊದಲು ಎಫ್‌ಎನ್ ಕೀ ಹಿಡಿದುಕೊಂಡು ಎಫ್2 ಒತ್ತಿ ನೋಡಿ. ಈಗ ಸೆಲ್ ತೆರೆದುಕೊಂಡರೆ ಏನೂ ಕೆಟ್ಟಿಲ್ಲ, ಸಾಲಿನ ಕೆಲಸ ಅದಲು ಬದಲಾಗಿದೆ ಅಷ್ಟೇ. ಅದನ್ನು ಕಾಯಂ ತಿರುಗಿಸಲು ಎಫ್‌ಎನ್ ಮತ್ತು ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಡೆಲ್, ಲೆನೊವೊ, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಇದೇ ಜೋಡಿ. ಎಸ್ಕೇಪ್ ಕೀ ಮೇಲೆ ಸಣ್ಣ ಬೀಗದ ಚಿತ್ರವೋ ಎಫ್‌ಎನ್ ಲಾಕ್ ಎಂಬ ಬರಹವೋ ಇದ್ದರೆ ಅನುಮಾನವೇ ಬೇಡ. ಕೆಲವು ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಜತೆ ಎಡಗಡೆಯ ಶಿಫ್ಟ್ ಒತ್ತಬೇಕು. ಮೈಕ್ರೋಸಾಫ್ಟ್‌ನ ಹಳೆಯ ಕೀಬೋರ್ಡ್‌ಗಳಲ್ಲಿ ಎಫ್ ಲಾಕ್ ಅಂತ ಬೇರೆಯೇ ಕೀ ಇರುತ್ತದೆ. ಹೊರಗಿನ ವೈರ್‌ಲೆಸ್ ಕೀಬೋರ್ಡ್ ಬಳಸುತ್ತಿದ್ದರೆ ಅದಕ್ಕೂ ತನ್ನದೇ ಎಫ್‌ಎನ್ ಇರುತ್ತದೆ. ಲ್ಯಾಪ್‌ಟಾಪಿನ ಲಾಕ್ ಬದಲಿಸಿದರೆ ಅದು ಬದಲಾಗುವುದಿಲ್ಲ.

ಈ ಜೋಡಿ ಕೀಗಳಿಂದ ಆಗದಿದ್ದರೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಬದಲಿಸಬೇಕು. ಕಂಪ್ಯೂಟರ್ ಬಂದ್ ಮಾಡಿ, ಮತ್ತೆ ಶುರು ಮಾಡುವಾಗಲೇ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಮಾದರಿಗೆ ತಕ್ಕಂತೆ ಎಫ್1 ಅಥವಾ ಎಫ್2 ಅನ್ನು ಮತ್ತೆ ಮತ್ತೆ ಒತ್ತಿ. ಎಚ್‌ಪಿಯಲ್ಲಿ ಸಿಸ್ಟಮ್ ಕಾನ್ಫಿಗರೇಷನ್ ಒಳಗೆ ಆಕ್ಷನ್ ಕೀಸ್ ಮೋಡ್ ಇರುತ್ತದೆ, ಅದನ್ನು ಡಿಸೇಬಲ್ಡ್ ಮಾಡಿ. ಲೆನೊವೊದ ಐಡಿಯಾಪ್ಯಾಡ್‌ನಲ್ಲಿ ಅದರ ಹೆಸರು ಹಾಟ್‌ಕೀ ಮೋಡ್. ಡೆಲ್‌ನಲ್ಲಿ ಫಂಕ್ಷನ್ ಕೀ ಅಥವಾ ಎಫ್‌ಎನ್ ಲಾಕ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಸೇವ್ ಮಾಡಿ ಹೊರಗೆ ಬನ್ನಿ. ಬಯೋಸ್‌ನಲ್ಲಿ ಇದೊಂದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ಅದರ ರಿಕವರಿ ಕೀ ಕೈಗೆ ಸಿಗುವಂತೆ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ. ಕಚೇರಿಯ ಕಂಪ್ಯೂಟರ್ ಆದರೆ ಐಟಿ ವಿಭಾಗದವರಿಗೆ ಹೇಳಿ ಮಾಡಿಸಿ.

ಈ ಲಾಕ್ ಅನ್ನು ಎಕ್ಸೆಲ್ ಒಳಗಿಂದ ಬದಲಿಸಲು ಬರುವುದಿಲ್ಲ. ಎಫ್‌ಎನ್ ಒತ್ತಿದ್ದು ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಯಂತ್ರಾಂಶದಲ್ಲೇ ಮುಗಿದುಹೋಗುತ್ತದೆ, ಎಕ್ಸೆಲ್ ತನಕ ಸುದ್ದಿಯೇ ಬರುವುದಿಲ್ಲ. ಆಫೀಸ್ ತೆಗೆದು ಹಾಕಿದರೆ ಪ್ರಯೋಜನ ಇಲ್ಲ ಅಂದಿದ್ದು ಇದಕ್ಕೇ.

ದಾರಿಯಲ್ಲಿ ಕೀ ಹಿಡಿಯುವ ಪ್ರೋಗ್ರಾಮ್‌ಗಳು

ಒಂದು ಪ್ರೋಗ್ರಾಮ್ "ಈ ಕೀ ನನಗೆ ಬೇಕು" ಅಂತ ವಿಂಡೋಸ್ ಹತ್ತಿರ ಹೇಳಿಟ್ಟುಕೊಂಡರೆ, ಆ ಕೀ ಬೇರೆ ಯಾರಿಗೂ ಹೋಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯುವವು, ಪರದೆ ರೆಕಾರ್ಡ್ ಮಾಡುವವು, ಡಿಕ್ಷನರಿಗಳು, ಆಟದ ಪ್ರೋಗ್ರಾಮ್‌ಗಳು ಹೀಗೆ ಮಾಡುತ್ತವೆ. ಎಲ್ಲ ಎಫ್ ಕೀಗಳೂ ಸರಿಯಿದ್ದು ಒಂದೋ ಎರಡೋ ಮಾತ್ರ ಕೈಕೊಟ್ಟರೆ ಮೊದಲ ಅನುಮಾನ ಇವುಗಳ ಮೇಲಿರಲಿ.

ಕನ್ನಡ ಟೈಪ್ ಮಾಡುವವರು ಇಲ್ಲಿ ಎರಡು ವಿಷಯ ಗಮನಿಸಬೇಕು. ಬೇರೆ ಭಾಷೆಯ ಸಹಾಯ ಪುಟಗಳಲ್ಲಿ ಇವು ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು 'ಬರಹ' ಎಂಬ ಕನ್ನಡ ತಂತ್ರಾಂಶ. ಅದರ ಟೈಪಿಂಗ್ ಸಾಧನ ಹಿಂದೆ ಓಡುತ್ತಿದ್ದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಹೋಗಿಬರಲು ಎಫ್11 ಅಥವಾ ಎಫ್12 ಬಳಸುತ್ತದೆ. ಎಕ್ಸೆಲ್‌ನಲ್ಲಿ ಎಫ್11 ಅಂದರೆ ಆರಿಸಿದ ಅಂಕಿಗಳಿಗೆ ಚಾರ್ಟ್ ಶೀಟ್, ಎಫ್12 ಅಂದರೆ ಸೇವ್ ಆಸ್. ಸೇವ್ ಆಸ್ ಮಾಡಲು ಎಫ್12 ಒತ್ತಿದರೆ ಪೆಟ್ಟಿಗೆ ಬಾರದೆ, ಮುಂದೆ ಟೈಪ್ ಮಾಡಿದ್ದೆಲ್ಲ ಕನ್ನಡದಲ್ಲಿ ಮೂಡಿದರೆ ಕಾರಣ ಇದೇ. ಗಡಿಯಾರದ ಪಕ್ಕದಲ್ಲಿರುವ ಅದರ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಮುಚ್ಚಿ, ಕೀ ಮತ್ತೆ ಒತ್ತಿ ನೋಡಿ.

ಎರಡನೆಯದು 'ನುಡಿ' ಎಂಬ ಕನ್ನಡ ತಂತ್ರಾಂಶ. ಇದು ಭಾಷೆ ಬದಲಿಸಲು ಸ್ಕ್ರಾಲ್ ಲಾಕ್ ಬಳಸುತ್ತದೆ. ಸ್ಕ್ರಾಲ್ ಲಾಕ್ ಎಫ್ ಕೀ ಅಲ್ಲ ನಿಜ, ಆದರೆ ಎಕ್ಸೆಲ್ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ಅದು ಆನ್ ಇದ್ದರೆ ಬಾಣದ ಕೀ ಒತ್ತಿದಾಗ ಮುಂದಿನ ಸೆಲ್‌ಗೆ ಹೋಗುವ ಬದಲು ಇಡೀ ಶೀಟೇ ಸರಿಯುತ್ತದೆ. ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ "ಎಕ್ಸೆಲ್ ಕೆಟ್ಟಿದೆ, ಕರ್ಸರ್ ಓಡುತ್ತಿಲ್ಲ" ಎಂಬ ದೂರು ಕೇಳಿದರೆ ಮೊದಲು ಇದನ್ನೇ ನೋಡಬೇಕು. ಎಕ್ಸೆಲ್‌ನ ತಳದ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ ಸ್ಕ್ರಾಲ್ ಲಾಕ್ ಎಂಬುದಕ್ಕೆ ಗುರುತು ಹಾಕಿಡಿ. ಆಗ ಆನ್ ಇದ್ದಾಗಲೆಲ್ಲ ಕಣ್ಣಿಗೆ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಕೀಯೇ ಇಲ್ಲದಿದ್ದರೆ ಪರದೆಯ ಮೇಲಿನ ಕೀಬೋರ್ಡಿನಲ್ಲಿ ಸಿಗುತ್ತದೆ.

ಶೀಟ್‌ನಲ್ಲಿ ಕನ್ನಡ ಹೆಸರುಗಳನ್ನು ದಿನವೂ ತುಂಬುವವರಾದರೆ ವಿಂಡೋಸ್ ಒಳಗೇ ಇರುವ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳುವುದು ಒಳ್ಳೆಯದು. ವಿಂಡೋಸ್ ಕೀ ಜತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಎಫ್ ಕೀಗಳ ತಂಟೆಗೆ ಅದು ಬರುವುದಿಲ್ಲ.

ವಿಂಡೋಸ್‌ನಲ್ಲಿ ಇನ್ನೊಂದು ಸಂಗತಿ ಇದೆ. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಶುರು ಮಾಡಲೇ ಅಂತ ಕೇಳುತ್ತದೆ. ಯೋಚಿಸದೆ ಹೌದು ಅಂದಿದ್ದರೆ ಚಿಕ್ಕದಾಗಿ ಒತ್ತಿದ ಕೀಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಒಳಗೆ ಹೋಗಿ ಅದನ್ನು ಆಫ್ ಮಾಡಿ.

ಎಕ್ಸೆಲ್‌ನ ಒಳಗೆ

ಬೇರೆ ಕಡೆ ಎಲ್ಲ ಸರಿಯಿದ್ದು ಎಕ್ಸೆಲ್‌ನಲ್ಲಿ ಮಾತ್ರ ಕೀ ಸುಮ್ಮನಿದ್ದರೆ ಅದು ಯಾವ ಕೀ ಎಂಬುದು ಮುಖ್ಯವಾಗುತ್ತದೆ.

ಎಫ್2 ಒತ್ತಿದಾಗ ಸೆಲ್ ತೆರೆಯದಿದ್ದರೆ ಮೇಲಿನ ಫಾರ್ಮುಲಾ ಪಟ್ಟಿ ನೋಡಿ. ಕರ್ಸರ್ ಅಲ್ಲಿ ಮಿನುಗುತ್ತಿದ್ದರೆ ಕೀ ಕೆಲಸ ಮಾಡಿದೆ, ಜಾಗ ಮಾತ್ರ ಬೇರೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ಹೋಗಿ, ಸೆಲ್‌ನಲ್ಲೇ ತಿದ್ದಲು ಬಿಡುವ 'ಅಲೌ ಎಡಿಟಿಂಗ್ ಡೈರೆಕ್ಟ್ಲಿ ಇನ್ ಸೆಲ್ಸ್' ಎಂಬ ಸಾಲಿಗೆ ಗುರುತು ಹಾಕಿ. ಇಮೇಲ್‌ನಲ್ಲಿ ಬಂದ ಫೈಲ್ ಆದರೆ ಮೇಲೆ ಹಳದಿ ಪಟ್ಟಿ ಇದೆಯಾ ನೋಡಿ, ಅದು ಪ್ರೊಟೆಕ್ಟೆಡ್ ವ್ಯೂ. ಯಾರು ಕಳಿಸಿದ್ದು ಅಂತ ಖಾತ್ರಿ ಇದ್ದರೆ ಎನೇಬಲ್ ಎಡಿಟಿಂಗ್ ಒತ್ತಿ. ಶೀಟ್‌ಗೆ ಪಾಸ್‌ವರ್ಡ್ ರಕ್ಷಣೆ ಇದ್ದರೂ ತಿದ್ದಲು ಆಗುವುದಿಲ್ಲ. ಸೆಲ್ ಬದಲು ಚಾರ್ಟೋ ಚಿತ್ರವೋ ಆಯ್ಕೆಯಾಗಿದ್ದರೂ ಹಾಗೇ. ಎಸ್ಕೇಪ್ ಒತ್ತಿ, ಸೆಲ್ ಮೇಲೆ ಕ್ಲಿಕ್ ಮಾಡಿ, ಮತ್ತೆ ನೋಡಿ.

ಎಫ್2ಗೆ ಇನ್ನೊಂದು ಉಪಯೋಗ ಇದೆ, ಬಹಳ ಜನ ಗಮನಿಸಿರುವುದಿಲ್ಲ. ಕಂಡೀಷನಲ್ ಫಾರ್ಮ್ಯಾಟಿಂಗ್ ಪೆಟ್ಟಿಗೆಯಲ್ಲಿ ಫಾರ್ಮುಲಾ ತಿದ್ದಲು ಬಾಣದ ಕೀ ಒತ್ತಿದರೆ ಕರ್ಸರ್ ಸರಿಯುವ ಬದಲು ಬೇಡದ ಸೆಲ್ ವಿಳಾಸ ಬಂದು ಕೂರುತ್ತದೆ, ಅಲ್ವಾ? ಅಲ್ಲಿ ಒಮ್ಮೆ ಎಫ್2 ಒತ್ತಿ, ಆಮೇಲೆ ಬಾಣದ ಕೀ ಬಳಸಿ. ಕರ್ಸರ್ ಅಕ್ಷರಗಳ ನಡುವೆ ನೆಟ್ಟಗೆ ಓಡಾಡುತ್ತದೆ.

ಎಫ್4ಗೆ ಎರಡು ಮುಖ. ಸುಮ್ನೆ ಸೆಲ್ ಮೇಲೆ ನಿಂತು ಒತ್ತಿದರೆ ನೀವು ಕೊನೆಗೆ ಮಾಡಿದ ಕೆಲಸವನ್ನು ಮತ್ತೊಮ್ಮೆ ಮಾಡುತ್ತದೆ. ಬಣ್ಣ ಹಾಕುವುದು, ಸಾಲು ಸೇರಿಸುವುದು, ಇಂಥವು. ಎಲ್ಲ ಕೆಲಸಗಳನ್ನೂ ಅದು ಮರಳಿ ಮಾಡುವುದಿಲ್ಲ. ಡಾಲರ್ ಚಿಹ್ನೆ ಬೇಕಿದ್ದರೆ ಫಾರ್ಮುಲಾ ಒಳಗೇ ಇರಬೇಕು, ಕರ್ಸರ್ ಆ ಸೆಲ್ ವಿಳಾಸವನ್ನು ಮುಟ್ಟಿಕೊಂಡಿರಬೇಕು. ಮೊದಲು ಎಫ್2, ಆಮೇಲೆ ವಿಳಾಸದ ಮೇಲೆ ಕರ್ಸರ್, ಆಮೇಲೆ ಎಫ್4. ಒತ್ತುತ್ತಾ ಹೋದಂತೆ ಎ1 ಎಂಬುದು $ಎ$1, ಎ$1, $ಎ1 ಆಗಿ ಮತ್ತೆ ಎ1ಕ್ಕೆ ಬರುತ್ತದೆ. ಉದ್ದದ ಫಾರ್ಮುಲಾದಲ್ಲಿ ಎಲ್ಲ ವಿಳಾಸಗಳಿಗೂ ಒಟ್ಟಿಗೆ ಡಾಲರ್ ಬೇಕಾದರೆ ಅಷ್ಟನ್ನೂ ಆರಿಸಿಕೊಂಡು ಒತ್ತಿ. ಶೀಟ್‌ನಲ್ಲಿ ಟೇಬಲ್ ಮಾಡಿ, ಕಾಲಮ್ ಹೆಸರಿನಿಂದ ಫಾರ್ಮುಲಾ ಬರೆದಿದ್ದರೆ ಎಫ್4 ಏನೂ ಮಾಡುವುದಿಲ್ಲ. ಅಂಥ ಹೆಸರುಗಳಿಗೆ ಡಾಲರ್ ಹಾಕುವ ಪದ್ಧತಿಯೇ ಇಲ್ಲ.

ಎಫ್9 ಬಗ್ಗೆ ನಿಧಾನವಾಗಿ ಓದಿ. ಇಲ್ಲಿ ತಪ್ಪಿದರೆ ಹೋಗುವುದು ಸಮಯ ಅಷ್ಟೇ ಅಲ್ಲ, ಲೆಕ್ಕವೇ ತಪ್ಪುತ್ತದೆ. ಎಕ್ಸೆಲ್‌ನಲ್ಲಿ ಲೆಕ್ಕ ತಾನಾಗಿ ಆಗುವುದು, ನೀವು ಹೇಳಿದಾಗ ಮಾತ್ರ ಆಗುವುದು ಅಂತ ಮುಖ್ಯವಾಗಿ ಎರಡು ವಿಧ. ಎರಡನೆಯದು ಮ್ಯಾನುಯಲ್. ಅದರಲ್ಲಿ ಅಂಕಿ ಬದಲಿಸಿದರೂ ಮೊತ್ತ ಹಳೆಯದೇ ಉಳಿಯುತ್ತದೆ. ಎಫ್9 ಒತ್ತಿದ ಮೇಲೆ ಹೊಸದಾಗುತ್ತದೆ. ತಳದ ಪಟ್ಟಿಯಲ್ಲಿ ಕ್ಯಾಲ್ಕುಲೇಟ್ ಎಂಬ ಪದ ಕಂಡರೆ ಲೆಕ್ಕ ಬಾಕಿ ಇದೆ ಅಂತ ತಿಳಿಯಿರಿ.

ಈ ಸೆಟ್ಟಿಂಗ್ ಒಂದು ಫೈಲ್‌ಗೆ ಸೀಮಿತ ಅಲ್ಲ, ಇಡೀ ಎಕ್ಸೆಲ್‌ಗೆ ಅನ್ವಯವಾಗುತ್ತದೆ. ಬೆಳಗ್ಗೆ ಮೊದಲು ತೆರೆದ ಫೈಲ್ ಮ್ಯಾನುಯಲ್‌ನಲ್ಲಿ ಸೇವ್ ಆಗಿದ್ದರೆ, ಆಮೇಲೆ ತೆರೆದ ಫೈಲ್‌ಗಳೂ ಅದೇ ದಾರಿ ಹಿಡಿಯುತ್ತವೆ. ಅವುಗಳನ್ನು ಸೇವ್ ಮಾಡಿದರೆ ಅವೂ ಮ್ಯಾನುಯಲ್ ಆಗಿ ಉಳಿಯುತ್ತವೆ. ಯಾರೋ ಕಳಿಸಿದ ಒಂದು ದೊಡ್ಡ ಫೈಲ್‌ನಿಂದ ಇಡೀ ವಿಭಾಗದ ಶೀಟ್‌ಗಳು ಹೀಗಾಗಬಹುದು. ಫಾರ್ಮುಲಾಸ್ ಟ್ಯಾಬ್‌ನಲ್ಲಿ ಕ್ಯಾಲ್ಕುಲೇಷನ್ ಆಪ್ಷನ್ಸ್ ತೆರೆದು ಆಟೋಮ್ಯಾಟಿಕ್ ಆರಿಸಿ. ಸಂಬಳದ್ದೋ ತೆರಿಗೆಯದೋ ಶೀಟ್ ಕಳಿಸುವ ಮೊದಲು ಇದನ್ನು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಎಫ್9 ಒತ್ತಿದರೂ ಮೊತ್ತ ಬದಲಾಗದಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್9 ಒಟ್ಟಿಗೆ ಒತ್ತಿ. ತೆರೆದಿರುವ ಎಲ್ಲ ಫೈಲ್‌ಗಳ ಎಲ್ಲ ಫಾರ್ಮುಲಾಗಳೂ ಮೊದಲಿನಿಂದ ಲೆಕ್ಕ ಹಾಕುತ್ತವೆ. ಅದಕ್ಕೂ ಬಗ್ಗದೆ ಸೆಲ್‌ನಲ್ಲಿ ಉತ್ತರದ ಬದಲು ಫಾರ್ಮುಲಾವೇ ಕಾಣುತ್ತಿದ್ದರೆ ಆ ಸೆಲ್ ಟೆಕ್ಸ್ಟ್ ರೂಪದಲ್ಲಿರಬಹುದು. ಹೋಮ್ ಟ್ಯಾಬ್‌ನಲ್ಲಿ ಅದನ್ನು ಜನರಲ್ ಮಾಡಿ, ಎಫ್2 ಒತ್ತಿ, ಎಂಟರ್ ಕೊಡಿ. ರೂಪ ಬದಲಿಸಿದರೆ ಮಾತ್ರ ಸಾಲದು, ಎಫ್2 ಮತ್ತು ಎಂಟರ್ ಎರಡೂ ಬೇಕು.

ಒಂದು ಎಚ್ಚರಿಕೆ. ಫಾರ್ಮುಲಾದ ಒಂದು ಭಾಗ ಆರಿಸಿ ಎಫ್9 ಒತ್ತಿದರೆ ಆ ಭಾಗದ ಉತ್ತರ ಅಲ್ಲೇ ಕಾಣುತ್ತದೆ. ತಪ್ಪು ಹುಡುಕಲು ಬಹಳ ಒಳ್ಳೆಯ ದಾರಿ. ಆದರೆ ಹೊರಗೆ ಬರುವಾಗ ಎಸ್ಕೇಪ್ ಒತ್ತಿ. ಎಂಟರ್ ಒತ್ತಿದರೆ ಫಾರ್ಮುಲಾದ ಆ ಭಾಗ ಹೋಗಿ ಅದರ ಉತ್ತರವೇ ಕಾಯಂ ಕೂರುತ್ತದೆ.

ಎಫ್8 ತಪ್ಪಿ ಒತ್ತಿದ್ದರೆ ಬಾಣದ ಕೀ ಒತ್ತಿದಾಗಲೆಲ್ಲ ಸೆಲ್‌ಗಳು ಆಯ್ಕೆಯಾಗುತ್ತಾ ಹೋಗುತ್ತವೆ. ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ.

ಆಡ್-ಇನ್ ಮತ್ತು ಮ್ಯಾಕ್ರೋ

ಇಷ್ಟಾದರೂ ಆಗಲಿಲ್ಲವೆಂದರೆ ಎಕ್ಸೆಲ್ ಅನ್ನು ಪೂರ್ತಿ ಮುಚ್ಚಿ. ಕಂಟ್ರೋಲ್ ಕೀ ಒತ್ತಿ ಹಿಡಿದುಕೊಂಡೇ ಎಕ್ಸೆಲ್ ತೆರೆಯಿರಿ. ಸೇಫ್ ಮೋಡ್‌ನಲ್ಲಿ ತೆರೆಯಲೇ ಅಂತ ಕೇಳುತ್ತದೆ, ಹೌದು ಅನ್ನಿ. ಇಲ್ಲಿ ಆಡ್-ಇನ್‌ಗಳು, ಅಂದರೆ ಎಕ್ಸೆಲ್‌ಗೆ ಸೇರಿಸಿಕೊಂಡ ಹೆಚ್ಚುವರಿ ಪ್ರೋಗ್ರಾಮ್‌ಗಳು, ಓಡುವುದಿಲ್ಲ. ಖಾಲಿ ಶೀಟ್‌ನಲ್ಲಿ ಕೀ ಒತ್ತಿ ನೋಡಿ. ಕೆಲಸ ಮಾಡಿದರೆ ಕಳ್ಳ ಸಿಕ್ಕ ಹಾಗೆ. ಮಾಮೂಲಿನಂತೆ ಎಕ್ಸೆಲ್ ತೆರೆದು ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ. ಕೆಳಗಿನ ಮ್ಯಾನೇಜ್ ಪಟ್ಟಿಯಲ್ಲಿ ಕಾಮ್ ಆಡ್-ಇನ್ಸ್ ಆರಿಸಿ ಗೋ ಒತ್ತಿ. ಎಲ್ಲದರ ಗುರುತು ತೆಗೆದು, ಒಂದೊಂದನ್ನೇ ಹಾಕುತ್ತಾ ಎಕ್ಸೆಲ್ ಮುಚ್ಚಿ ತೆರೆಯಿರಿ. ಬೇಸರದ ಕೆಲಸ ನಿಜ, ಆದರೆ ಖಚಿತ ಉತ್ತರ ಇದರಿಂದಲೇ ಸಿಗುವುದು.

ಮ್ಯಾಕ್ರೋಗಳೂ, ಅಂದರೆ ಎಕ್ಸೆಲ್ ಫೈಲ್ ಒಳಗೆ ಬರೆದಿಟ್ಟ ಆಜ್ಞೆಗಳೂ, ಕೀಯನ್ನು ಕಟ್ಟಿಹಾಕಬಲ್ಲವು. ಎಫ್2 ಒತ್ತಲು ಹೋಗಿ ಪಕ್ಕದ ಎಫ್1 ಒತ್ತಿದರೆ ಸಹಾಯದ ಕಿಟಕಿ ತೆರೆದು ಕಿರಿಕಿರಿ ಆಗುತ್ತದೆಂದು ಎಷ್ಟೋ ಜನ ಮ್ಯಾಕ್ರೋ ಬರೆದು ಎಫ್1 ಅನ್ನು ಸುಮ್ಮನಾಗಿಸುತ್ತಾರೆ. ಅಂಥ ಮ್ಯಾಕ್ರೋ ಇರುವ ಫೈಲ್ ತೆರೆದರೆ, ಆ ಫೈಲ್ ಮುಚ್ಚಿದ ಮೇಲೂ ಎಕ್ಸೆಲ್ ಮುಚ್ಚುವ ತನಕ ಅದರ ಪರಿಣಾಮ ಉಳಿಯಬಹುದು. ಎಲ್ಲ ಎಕ್ಸೆಲ್ ಕಿಟಕಿಗಳನ್ನೂ ಮುಚ್ಚಿ, ನಿಮ್ಮ ಫೈಲ್ ಒಂದನ್ನೇ ತೆರೆದು ನೋಡಿ. ಎಲ್ಲ ಫೈಲ್‌ಗಳಲ್ಲೂ ಹೀಗೇ ಆದರೆ ಎಕ್ಸೆಲ್ ಜತೆ ತಾನಾಗಿ ತೆರೆಯುವ ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್‌ನಲ್ಲಿ ಏನಿದೆ ಅಂತ ಅದನ್ನು ಮಾಡಿಕೊಟ್ಟವರ ಹತ್ತಿರ ಕೇಳಿ.

ಆಫೀಸ್ ರಿಪೇರಿಗೆ ಈಗ ಹೊತ್ತು ಬಂತು. ಸೆಟ್ಟಿಂಗ್ಸ್, ಆಪ್ಸ್ ಒಳಗೆ ಆಫೀಸ್ ಹುಡುಕಿ ಮಾಡಿಫೈ ಒತ್ತಿ, ಮೊದಲು ಕ್ವಿಕ್ ರಿಪೇರ್ ಮಾಡಿ.

ಬ್ರೌಸರ್, ಮ್ಯಾಕ್, ಲಿಬ್ರೆ ಆಫೀಸ್

ಬ್ರೌಸರ್‌ನಲ್ಲಿ ತೆರೆಯುವ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಆದರೆ ಕೆಲವು ಕೀಗಳನ್ನು ಬ್ರೌಸರ್ ತಾನೇ ಇಟ್ಟುಕೊಳ್ಳುತ್ತದೆ. ಎಫ್11 ಪರದೆ ತುಂಬಿಸುತ್ತದೆ, ಎಫ್12 ಡೆವಲಪರ್ ಟೂಲ್ಸ್ ತೆರೆಯುತ್ತದೆ. ಎಫ್2, ಎಫ್4 ಎರಡರಲ್ಲೂ ಕೆಲಸ ಮಾಡುತ್ತವೆ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್, ಫಂಕ್ಷನ್ ಕೀಸ್ ಒಳಗೆ ಹೋಗಿ ಎಫ್1, ಎಫ್2 ಮುಂತಾದವನ್ನು ಮಾಮೂಲಿ ಫಂಕ್ಷನ್ ಕೀಗಳಾಗಿ ಬಳಸುವ ಆಯ್ಕೆ ಆನ್ ಮಾಡಿ. ಅದೂ ಬೇಡವೆಂದರೆ ಸೆಲ್ ತಿದ್ದಲು ಕಂಟ್ರೋಲ್ ಜತೆ ಯು, ಡಾಲರ್ ಚಿಹ್ನೆಗೆ ಕಮಾಂಡ್ ಜತೆ ಟಿ.

ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ಎಫ್2 ತಿದ್ದಲು, ಎಫ್4 ಡಾಲರ್‌ಗೆ, ಎಫ್9 ಲೆಕ್ಕಕ್ಕೆ. ಇವು ಎಕ್ಸೆಲ್‌ನಂತೆಯೇ. ಆದರೆ ಎಫ್5 ಮತ್ತು ಎಫ್11 ಬೇರೆ, ಅಲ್ಲಿ ಅವು ನ್ಯಾವಿಗೇಟರ್ ಮತ್ತು ಸ್ಟೈಲ್ಸ್ ತೆರೆಯುತ್ತವೆ. ಅದನ್ನು ಕೆಟ್ಟಿದೆ ಅಂದುಕೊಳ್ಳಬೇಡಿ.

ಕೀಯೇ ಸತ್ತಿದ್ದರೆ

ಪರದೆಯ ಕೀಬೋರ್ಡ್ ಕೆಲಸ ಮಾಡಿ, ಎಫ್‌ಎನ್ ಹಿಡಿದರೂ ಬಿಟ್ಟರೂ ನಿಜವಾದ ಕೀ ಮಾಡದಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್ಸ್ ಅಡಿ ಇರುವುದನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ಮರಳಿ ಶುರು ಮಾಡಿ. ಡ್ರೈವರ್ ತಾನಾಗಿ ಬಂದು ಕೂರುತ್ತದೆ. ಆಗಲೂ ಇಲ್ಲವೆಂದರೆ ಯಾರದಾದರೂ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ನೋಡಿ. ಅದು ಸರಿಯಿದ್ದರೆ ನಿಮ್ಮದು ರಿಪೇರಿಗೆ ಹೋಗಬೇಕು.

ರಿಪೇರಿ ಆಗುವ ತನಕ ಕೆಲಸ ನಿಲ್ಲಿಸಬೇಕಿಲ್ಲ. ಎಫ್2 ಬದಲು ಸೆಲ್ ಮೇಲೆ ಎರಡು ಸಲ ಕ್ಲಿಕ್. ಡಾಲರ್ ಚಿಹ್ನೆಯನ್ನು ಕೈಯಲ್ಲೇ ಟೈಪ್ ಮಾಡಿ, ಮಾಡಿದ್ದನ್ನೇ ಮತ್ತೆ ಮಾಡಲು ಕಂಟ್ರೋಲ್ ಜತೆ ವೈ. ಎಫ್5 ಬದಲು ಕಂಟ್ರೋಲ್ ಜತೆ ಜಿ. ಎಫ್9 ಬದಲು ಫಾರ್ಮುಲಾಸ್ ಟ್ಯಾಬ್‌ನ ಕ್ಯಾಲ್ಕುಲೇಟ್ ನೌ. ಎಫ್12 ಬದಲು ಆಲ್ಟ್ ಒತ್ತಿ ಬಿಟ್ಟು, ಎಫ್ ಅಕ್ಷರ, ಆಮೇಲೆ ಎ ಅಕ್ಷರ. ದಿನಕ್ಕೆ ನೂರಾರು ಸಲ ಎಫ್2 ಬೇಕಾಗುವವರು ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್ ಹಾಕಿಕೊಳ್ಳಿ. ಅದರ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ನೀವು ಬಳಸದ ಒಂದು ಕೀಯನ್ನು, ಉದಾಹರಣೆಗೆ ಪಾಜ್ (Pause) ಕೀ ಅಥವಾ ಬಲಗಡೆಯ ಕಂಟ್ರೋಲ್, ಎಫ್2 ಆಗಿ ಬದಲಿಸಿಕೊಳ್ಳಬಹುದು. ಪವರ್‌ಟಾಯ್ಸ್ ಓಡುತ್ತಿರುವಷ್ಟು ಹೊತ್ತು ಅದು ಹಾಗೇ ಇರುತ್ತದೆ. ಕೀಬೋರ್ಡ್ ಸರಿಯಾದ ಮೇಲೆ ಆ ಬದಲಾವಣೆಯನ್ನು ತೆಗೆದುಬಿಡಿ.